ಹಾಫ್ ಟರ್ಮ್ ಪತ್ರದಲ್ಲಿ ಹಾಜರಾತಿ ಶೇ. 88.6: ಗಾಬರಿಯಾಗಬೇಕೆ?

ಪ್ರಶ್ನೆ: ನಾವು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇವೆ. ಮಗಳು ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಯರ್ ಟೂ ಓದುತ್ತಿದ್ದಾಳೆ. ಅಕ್ಟೋಬರ್ ರಜೆಗೆ ಮುನ್ನ ಶಾಲೆಯಿಂದ ಎರಡು ಪತ್ರ ಬಂದವು. ಒಂದರಲ್ಲಿ ಮಕ್ಕಳು ಇಲ್ಲಿಯವರೆಗೆ ಏನೇನು ಕಲಿತರು, ರಜೆಯ ನಂತರ ಏನು ಕಲಿಯುತ್ತಾರೆ ಎಂಬ ವಿವರ. ಇನ್ನೊಂದರಲ್ಲಿ ಅವಳ ಹಾಜರಾತಿ ಶೇ. 88.6 ಎಂದೂ, ಶೇ. 90ಕ್ಕಿಂತ ಕೆಳಗಿಳಿದಿರುವುದು ಕಳವಳದ ವಿಷಯ ಎಂದೂ ಬರೆದಿದ್ದಾರೆ. ಜ್ವರ ಬಂದು ನಾಲ್ಕು ದಿನ ಹೋಗಲಿಲ್ಲ, ಅಷ್ಟೇ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೇ ಶೇ. 75 ಹಾಜರಾತಿ ಇದ್ದರೆ ಸಾಕಲ್ಲವೇ? ಫೆಬ್ರವರಿಯಲ್ಲಿ ನಮ್ಮ ಮಾವನವರ ಭೀಮರಥ ಶಾಂತಿಗೆಂದು ಎರಡು ವಾರ ಶಿವಮೊಗ್ಗಕ್ಕೆ ಹೋಗುವ ಯೋಚನೆ ಇತ್ತು. ಈ ಪತ್ರ ನೋಡಿದ ಮೇಲೆ ಭಯವಾಗಿದೆ. ಏನು ಮಾಡುವುದು?

ಉತ್ತರ: ಮೊದಲು ಭಯ ಬಿಡಿ. ಆ 88.6 ನಿಮ್ಮ ಮಗಳ ಬಗ್ಗೆ ಯಾರೋ ಕೊಟ್ಟ ತೀರ್ಪಲ್ಲ, ನಿಮ್ಮ ಬಗ್ಗೆಯಂತೂ ಅಲ್ಲವೇ ಅಲ್ಲ. ಅದೊಂದು ಭಾಗಾಕಾರ. ಅದು ಹೇಗೆ ಬಂತೆಂದು ತಿಳಿದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ. ಉಳಿದರ್ಧಕ್ಕೆ ಪರಿಹಾರ ನೀವು ಬದಿಗಿಟ್ಟಿರಬಹುದಾದ ಆ ಇನ್ನೊಂದು ಪತ್ರದಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು.

ಇಂಗ್ಲೆಂಡಿನ ಶಾಲಾ ವರ್ಷದಲ್ಲಿ ಮೂರು ಟರ್ಮ್. ಪ್ರತಿ ಟರ್ಮಿನ ನಡುವೆ ಹಾಫ್ ಟರ್ಮ್ ಎಂಬ, ಸಾಮಾನ್ಯವಾಗಿ ಒಂದು ವಾರದ ರಜೆ ಬರುವುದರಿಂದ ವರ್ಷವೆಲ್ಲ ಆರು ತುಂಡಾಗುತ್ತದೆ. ಮಕ್ಕಳಿಗೆ ವರ್ಷಕ್ಕೆ 190 ದಿನ ಶಾಲೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹಾಜರಿ ತೆಗೆದುಕೊಳ್ಳುತ್ತಾರೆ. ಒಂದೊಂದು ಹಾಜರಿಯೂ ಒಂದು ಸೆಷನ್. ಹಾಗಾಗಿ ವರ್ಷಕ್ಕೆ 380 ಸೆಷನ್. ಇದರಲ್ಲಿ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿಕೊಂಡ ಮಗುವನ್ನು ಸರ್ಕಾರದ ಲೆಕ್ಕದಲ್ಲಿ ‘ಪರ್ಸಿಸ್ಟೆಂಟ್ ಆಬ್ಸೆನ್ಸ್’ ಪಟ್ಟಿಗೆ ಸೇರಿಸುತ್ತಾರೆ. ಪತ್ರದಲ್ಲಿರುವ 90ರ ಗೆರೆ ಅಲ್ಲಿಂದ ಬಂದದ್ದು.

ಈಗ ನಿಮ್ಮ ಮಗಳ ಲೆಕ್ಕಕ್ಕೆ ಬರೋಣ. ಸೆಪ್ಟೆಂಬರಿನಿಂದ ಅಕ್ಟೋಬರ್ ರಜೆಯವರೆಗೆ ಏಳು ವಾರ, ಅಂದರೆ 35 ದಿನ, 70 ಸೆಷನ್. ನಾಲ್ಕು ದಿನದ ಜ್ವರಕ್ಕೆ ಎಂಟು ಸೆಷನ್ ಹೋದವು. 70ರಲ್ಲಿ 62 ಎಂದರೆ ಶೇ. 88.6. ಇನ್ನು ಮುಂದೆ ಒಂದು ದಿನವೂ ತಪ್ಪದಿದ್ದರೆ ಕ್ರಿಸ್‌ಮಸ್ ಹೊತ್ತಿಗೆ ಅದು ಸುಮಾರು ಶೇ. 94 ಆಗುತ್ತದೆ, ವರ್ಷದ ಕೊನೆಗೆ ಶೇ. 97.9. ಅದೇ ಜ್ವರ, ಅದೇ ನಾಲ್ಕು ದಿನ. ಭಾಗಿಸುವ ಸಂಖ್ಯೆ ಮಾತ್ರ ದೊಡ್ಡದಾಯಿತು. ವರ್ಷದ ಮೊದಲ ಪತ್ರದಲ್ಲಿ ಶೇಕಡಾವಾರು ಯಾವಾಗಲೂ ಕಠೋರವಾಗಿ ಕಾಣುವುದು ಇದೇ ಕಾರಣಕ್ಕೆ. ಶಾಲೆಗಳು ಶೇಕಡಾ ಜೊತೆಗೆ ‘ನಾಲ್ಕು ದಿನ, ಕಾರಣ ಅನಾರೋಗ್ಯ’ ಎಂದು ಒಂದು ಸಾಲು ಬರೆದರೆ ಎಷ್ಟೋ ಮನೆಗಳಲ್ಲಿ ಆ ರಾತ್ರಿ ನಿದ್ದೆಗೆಡುವುದು ತಪ್ಪುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

75ರ ಮಾತಿಗೆ ಬಂದರೆ, ಅದು ಪರೀಕ್ಷೆಗೆ ಕೂರಲು ಬೇಕಾದ ಅರ್ಹತೆ. ಅಂಕಪಟ್ಟಿ ನೋಡುತ್ತ ಬೆಳೆದ ನಮಗೆ 88 ಎಂದರೆ ಡಿಸ್ಟಿಂಕ್ಷನ್. ಇಲ್ಲಿನ ಹಾಜರಾತಿಯನ್ನು ಆ ಕಣ್ಣಿನಿಂದ ನೋಡಬಾರದು. ವರ್ಷವಿಡೀ ಶೇ. 90 ಎಂದರೆ 19 ದಿನ ಗೈರು, ಹೆಚ್ಚುಕಡಿಮೆ ನಾಲ್ಕು ವಾರದ ಪಾಠ. ಶೇ. 95 ಎಂದರೂ ಒಂಬತ್ತೂವರೆ ದಿನ. ಕೋವಿಡ್‌ಗೆ ಮುಂಚೆ ಇಂಗ್ಲೆಂಡಿನಲ್ಲಿ ಹತ್ತರಲ್ಲಿ ಒಂದು ಮಗು ಈ ಹತ್ತನೇ ಒಂದು ಭಾಗದ ಗೆರೆ ದಾಟುತ್ತಿತ್ತು. 2022-23ರ ಹೊತ್ತಿಗೆ ಐದರಲ್ಲಿ ಒಂದು ಮಗು ಎಂಬಷ್ಟಾಯಿತು. ಶಾಲೆಗಳು ಇಷ್ಟು ಬೇಗ ಪತ್ರ ಬರೆಯುವುದರ ಹಿಂದೆ ಆ ಆತಂಕವಿದೆ. ನಿಮ್ಮ ಮಗಳ ಮೇಲಿನ ಅನುಮಾನವಲ್ಲ.

ಜ್ವರದ ದಿನಗಳನ್ನು ಶಾಲೆ ಅನಾರೋಗ್ಯದ ಸಂಕೇತವಾದ ‘ಐ’ ಅಕ್ಷರದಲ್ಲಿ ಗುರುತಿಸುತ್ತದೆ. ಅದು ಒಪ್ಪಿತ ಗೈರು, ದಂಡಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ಪೋಷಕರು ಬೆಳಿಗ್ಗೆ ಫೋನ್ ಮಾಡಿ ತಿಳಿಸಿದರೆ ಸಾಕು, ಪ್ರತಿ ಸಲವೂ ವೈದ್ಯರ ಚೀಟಿ ಬೇಕಾಗುವುದಿಲ್ಲ. ಸಣ್ಣ ನೆಗಡಿ, ಕೆಮ್ಮು ಇದ್ದು ಮಗು ಲವಲವಿಕೆಯಿಂದಿದ್ದರೆ ಶಾಲೆಗೆ ಕಳಿಸಬಹುದು ಎನ್ನುತ್ತದೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್. ಜ್ವರವಿದ್ದರೆ ಇಳಿಯುವವರೆಗೆ ಮನೆಯಲ್ಲೇ ಇರಬೇಕು. ವಾಂತಿ ಭೇದಿಯಾದರೆ ನಿಂತ ಮೇಲೂ 48 ಗಂಟೆ ಕಳಿಸಬಾರದು. ಹಾಗಾಗಿ ಜ್ವರದ ಮಗುವನ್ನು ಮನೆಯಲ್ಲಿ ಉಳಿಸಿಕೊಂಡ ನೀವು ಸರಿಯಾದದ್ದನ್ನೇ ಮಾಡಿದಿರಿ. ಹಲ್ಲಿನ ಡಾಕ್ಟರ ಬಳಿ ಹೋಗುವುದಿದ್ದರೆ ಬೆಳಗಿನ ಹಾಜರಿ ಆದ ಮೇಲಿನ ಸಮಯ ತೆಗೆದುಕೊಳ್ಳಿ. ಹಾಜರಿಯ ಹೊತ್ತಿಗೆ ಮಗು ತರಗತಿಯಲ್ಲಿದ್ದರೆ ಆ ಸೆಷನ್ ಹಾಜರಿ ಎಂದೇ ಲೆಕ್ಕ. ಬೆಳಗಿನ ತಡವೂ ಗಮನದಲ್ಲಿರಲಿ. ದಿನಕ್ಕೆ ಐದೇ ನಿಮಿಷ ತಡವಾದರೂ ವರ್ಷಕ್ಕೆ ಸುಮಾರು 16 ಗಂಟೆ ಹೋಗುತ್ತದೆ. ರಿಜಿಸ್ಟರ್ ಮುಚ್ಚಿದ ಮೇಲೆ ಬಂದರೆ ಆ ಸೆಷನ್ನೇ ಒಪ್ಪಿಗೆಯಿಲ್ಲದ ಗೈರಾಗುತ್ತದೆ.

ಇನ್ನು ಕಲಿಕೆಯ ಪತ್ರ. ಇದನ್ನು ಬಹಳ ಮನೆಗಳಲ್ಲಿ ಒಮ್ಮೆ ಕಣ್ಣಾಡಿಸಿ ಫ್ರಿಜ್‌ಗೆ ಅಂಟಿಸಿಬಿಡುತ್ತಾರೆ. ಪಿಇ ಯಾವ ದಿನ, ಓದುವ ಪುಸ್ತಕ ಬದಲಿಸುವುದು ಯಾವಾಗ ಎಂಬುದಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಆದರೆ ನಾಲ್ಕು ದಿನ ತಪ್ಪಿದ ಮಗುವಿನ ಮನೆಯಲ್ಲಿ ಈ ಪತ್ರಕ್ಕೆ ಬೇರೆಯೇ ಬೆಲೆಯಿದೆ. ಹೋಗದೇ ಇದ್ದ ದಿನಗಳಲ್ಲಿ ಏನು ನಡೆಯಿತೆಂದು ಹುಡುಕಲು ದಾರಿ ತೋರಿಸುವುದು ಇದೇ. ನಾಲ್ಕು ದಿನ ಎಂಬುದು ಶಾಲೆಯ ಲೆಕ್ಕ. ಆ ನಾಲ್ಕು ದಿನದ ಪಾಠ ಯಾವುದು ಎಂಬುದು ನಿಮ್ಮ ಮಗಳ ಲೆಕ್ಕ.

ಇಯರ್ ಟೂ ಮಕ್ಕಳಿಗೆ ವರ್ಷದ ಮೊದಲ ವಾರಗಳಲ್ಲಿ ಗಣಿತದಲ್ಲಿ ಬಹುತೇಕ ಕಡೆ ಎರಡಂಕಿ ಸಂಖ್ಯೆಗಳ ಸ್ಥಾನಬೆಲೆ ಕಲಿಸುತ್ತಾರೆ. 47 ಎಂದರೆ ನಾಲ್ಕು ಹತ್ತು, ಏಳು ಬಿಡಿ. ಅದರ ಹಿಂದೆಯೇ ಕೂಡುವುದು, ಕಳೆಯುವುದು ಬರುತ್ತದೆ. ಜ್ವರದಲ್ಲಿ ತಪ್ಪಿದ್ದು ಸ್ಥಾನಬೆಲೆಯ ಪಾಠವಾಗಿದ್ದರೆ, ರಜೆಯ ನಂತರ 47ರಲ್ಲಿ 9 ಕಳೆ ಎಂದಾಗ ಮಗು ತಬ್ಬಿಬ್ಬಾಗುತ್ತದೆ. ಆಗ ನಾವು ಅವಳಿಗೆ ಕಳೆಯಲು ಬರುವುದಿಲ್ಲ ಎಂದುಕೊಳ್ಳುತ್ತೇವೆ. ನಿಜವಾಗಿ ಅವಳಿಗೆ ತಪ್ಪಿಹೋದದ್ದು ಅದಕ್ಕೂ ಹಿಂದಿನ ಮೆಟ್ಟಿಲು.

ಇದನ್ನು ಸರಿಪಡಿಸಲು ಟ್ಯೂಷನ್ ಬೇಡ. ನಾಲ್ಕು 10 ಪೆನ್ಸ್ ನಾಣ್ಯ, ಏಳು 1 ಪೆನ್ನಿ ನಾಣ್ಯ ಅವಳ ಮುಂದಿಡಿ. ಒಂಬತ್ತು ಪೆನ್ನಿ ಕೊಡು ಎಂದು ಕೇಳಿ. ಬಿಡಿಯಾಗಿರುವುದು ಏಳೇ. ಸ್ವಲ್ಪ ಹೊತ್ತು ಸುಮ್ಮನಿರಿ, ನೀವೇ ಹೇಳಿಕೊಡಬೇಡಿ. ಒಂದು 10 ಪೆನ್ಸ್ ಕೊಟ್ಟು ಹತ್ತು ಪೆನ್ನಿ ಚಿಲ್ಲರೆ ತೆಗೆದುಕೊಳ್ಳಬಹುದೆಂದು ಅವಳಿಗೆ ಹೊಳೆಯಲಿ. ಈಗ ಮೂರು ಹತ್ತು, ಹದಿನೇಳು ಬಿಡಿ. ಒಂಬತ್ತು ಕೊಟ್ಟರೆ ಎಂಟು ಉಳಿಯುತ್ತದೆ, ಒಟ್ಟು 38. ಸ್ಥಾನಬೆಲೆಯೂ ಕಳೆಯುವುದೂ ಒಟ್ಟಿಗೇ ಅವಳ ಬೆರಳಿಗೆ ಬಂದಂತಾಯಿತು. ಇದನ್ನೆಲ್ಲ ಕನ್ನಡದಲ್ಲೇ ಆಡಿ, ಏನೂ ನಷ್ಟವಿಲ್ಲ. ಒಂದು ಭಾಷೆಯಲ್ಲಿ ಚೆನ್ನಾಗಿ ಅರ್ಥವಾದ ಲೆಕ್ಕ ಇನ್ನೊಂದು ಭಾಷೆಯಲ್ಲೂ ಕೈಕೊಡುವುದಿಲ್ಲ.

ಚರಿತ್ರೆಯ ಭಾಗವನ್ನೂ ಹೀಗೇ ನೋಡಿ. ಈ ವಯಸ್ಸಿನ ಮಕ್ಕಳಿಗೆ ಅನೇಕ ಶಾಲೆಗಳಲ್ಲಿ 1666ರ ಲಂಡನ್ ಮಹಾ ಅಗ್ನಿಕಾಂಡದ ಪಾಠವಿರುತ್ತದೆ. ಸೆಪ್ಟೆಂಬರ್ 2ರ ನಸುಕಿನಲ್ಲಿ ಪುಡ್ಡಿಂಗ್ ಲೇನ್ ಎಂಬ ಬೀದಿಯ ಬೇಕರಿಯಲ್ಲಿ ಹೊತ್ತಿದ ಬೆಂಕಿ ಹಲವು ದಿನ ಉರಿದು ಸುಮಾರು 13,000 ಮನೆಗಳನ್ನು ನುಂಗಿತು. ಮರದ ಮನೆಗಳು, ಇಕ್ಕಟ್ಟಾದ ಬೀದಿಗಳು, ಒಣಗಿದ ಹವೆ, ಜೋರು ಗಾಳಿ ಎಲ್ಲ ಕೂಡಿ ಬಂದಿದ್ದವು. ಆಮೇಲೆ ಮನೆಗಳನ್ನು ಇಟ್ಟಿಗೆ, ಕಲ್ಲಿನಲ್ಲೇ ಕಟ್ಟಬೇಕೆಂಬ ಕಾನೂನು ಬಂತು. ಇದೇ ವರ್ಷ ವಿಜ್ಞಾನದಲ್ಲಿ ಯಾವ ವಸ್ತು ಯಾವ ಕೆಲಸಕ್ಕೆ ತಕ್ಕದ್ದು ಎಂಬ ಪಾಠವೂ ಇರುತ್ತದೆ. ಮಲೆನಾಡಿನ ಸೋಗೆ ಮಾಡು, ಹೆಂಚಿನ ಮನೆಗಳ ಬಗ್ಗೆ ನಿಮ್ಮ ಮಾವನವರಿಗೆ ಹೇಳಲು ಬೇಕಾದಷ್ಟಿರುತ್ತದೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ‘ಅಜ್ಜಾ, ಸೋಗೆ ಮನೆಗೆ ಬೆಂಕಿ ಬೀಳುತ್ತಿರಲಿಲ್ಲವಾ?’ ಎಂದು ಮೊಮ್ಮಗಳು ಕೇಳಲಿ. ತಪ್ಪಿದ ಪಾಠ ಅಲ್ಲೇ ಅರ್ಧ ತುಂಬುತ್ತದೆ.

ಇನ್ನು ಫೆಬ್ರವರಿ ಪ್ರಯಾಣ. ಇಲ್ಲಿ ಮಾತ್ರ ಎಚ್ಚರ ಬೇಕು. 2013ರಿಂದ ಈಚೆಗೆ ಇಂಗ್ಲೆಂಡಿನಲ್ಲಿ ಟರ್ಮಿನ ನಡುವೆ ರಜೆ ಕೊಡಲು ಮುಖ್ಯೋಪಾಧ್ಯಾಯರಿಗೆ ಅಧಿಕಾರವಿರುವುದು ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ. ನೀವು ಹೇಳುವ ಎರಡು ವಾರದಲ್ಲಿ ಒಂದು ವಾರ ಫೆಬ್ರವರಿಯ ಹಾಫ್ ಟರ್ಮ್ ರಜೆ ಎಂದಿಟ್ಟುಕೊಂಡರೂ ಇನ್ನೊಂದು ವಾರ ಶಾಲೆ ತಪ್ಪುತ್ತದೆ. ಐದು ದಿನ ಎಂದರೆ ಹತ್ತು ಸೆಷನ್. 2024ರ ಆಗಸ್ಟ್‌ನಿಂದ ಜಾರಿಗೆ ಬಂದ ನಿಯಮದಂತೆ, ಹತ್ತು ಶಾಲಾ ವಾರಗಳೊಳಗೆ ಒಪ್ಪಿಗೆಯಿಲ್ಲದ ಗೈರು ಹತ್ತು ಸೆಷನ್ ಮುಟ್ಟಿದರೆ ದಂಡ ಹಾಕುವ ವಿಷಯವನ್ನು ಶಾಲೆ ಪರಿಶೀಲಿಸಲೇಬೇಕು. ನಿಮ್ಮ ಯೋಜನೆ ಸರಿಯಾಗಿ ಆ ಗೆರೆಯ ಮೇಲೇ ಬಂದು ನಿಲ್ಲುತ್ತದೆ.

ದಂಡ 21 ದಿನದೊಳಗೆ ಕಟ್ಟಿದರೆ 80 ಪೌಂಡ್, ಆಮೇಲೆ 28ನೇ ದಿನದವರೆಗೆ 160 ಪೌಂಡ್. ಇದು ಒಂದು ಮಗುವಿಗೆ, ಒಬ್ಬ ಪೋಷಕರಿಗೆ. ತಂದೆ ತಾಯಿ ಇಬ್ಬರಿಗೂ ಬೇರೆಬೇರೆ ನೋಟಿಸ್ ಬರಬಹುದು. ಮೂರು ವರ್ಷದೊಳಗೆ ಅದೇ ಮಗುವಿಗೆ ಎರಡನೇ ಸಲವಾದರೆ ನೇರ 160 ಪೌಂಡ್. ಮೂರನೇ ಸಲಕ್ಕೆ ದಂಡದ ನೋಟಿಸ್ ಇರುವುದಿಲ್ಲ, ವಿಷಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ವರ್ಷದ ಹಾಜರಾತಿ ಚೆನ್ನಾಗಿದೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಐಲ್ ಆಫ್ ವೈಟ್‌ನ ಜಾನ್ ಪ್ಲಾಟ್ ಎಂಬ ತಂದೆ 2015ರ ಏಪ್ರಿಲ್‌ನಲ್ಲಿ ಶಾಲೆಯ ಒಪ್ಪಿಗೆಯಿಲ್ಲದೆ ಮಗಳನ್ನು ಫ್ಲೋರಿಡಾ ಪ್ರವಾಸಕ್ಕೆ ಕರೆದೊಯ್ದು, ದಂಡ ಕಟ್ಟಲು ಒಪ್ಪದೆ, ಅವಳ ಹಾಜರಾತಿ ಶೇ. 90ಕ್ಕೂ ಮೇಲಿದೆ ಎಂದು ವಾದಿಸಿದರು. ಕೆಳಗಿನ ಕೋರ್ಟುಗಳಲ್ಲಿ ಗೆದ್ದರೂ 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಕ್ರಮವಾದ ಹಾಜರಾತಿ ಎಂದರೆ ಶಾಲೆಯ ನಿಯಮಕ್ಕೆ ಅನುಸಾರವಾದ ಹಾಜರಾತಿ ಎಂದು ನ್ಯಾಯಾಲಯ ಹೇಳಿತು.

ವಿಮಾನದ ಟಿಕೆಟ್ ಶಾಲೆ ಇರುವ ವಾರ ಅಗ್ಗ, ದಂಡ ಕಟ್ಟಿದರೂ ಲಾಭವೇ ಎಂದು ಲೆಕ್ಕ ಹಾಕುವವರಿದ್ದಾರೆ. ಅವರ ಮಾತು ಕೇಳಬೇಡಿ. ಮಗುವಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಹೋಗುವುದಂತೂ ಬೇಡವೇ ಬೇಡ. ಊರಿಂದ ಬಂದ ಮಗು ಸೋಮವಾರ ತರಗತಿಯಲ್ಲಿ ಅಜ್ಜನ ಮನೆಯ ಹೋಮ, ಹೂವು, ಊಟದ ಸುದ್ದಿಯನ್ನೆಲ್ಲ ಸಂಭ್ರಮದಿಂದ ಹೇಳಬೇಕು. ಅದನ್ನು ಬಚ್ಚಿಡು ಎಂದು ಆರು ವರ್ಷದ ಮಗುವಿಗೆ ಹೇಳಿಕೊಡುವ ಪರಿಸ್ಥಿತಿ ಬರಬಾರದು.

ಹಾಗಾದರೆ ದಾರಿ ಏನು? ಹಾಫ್ ಟರ್ಮ್ ಐದು ದಿನ, ಹಿಂದುಮುಂದಿನ ಎರಡು ವಾರಾಂತ್ಯ ಸೇರಿದರೆ ಒಂಬತ್ತು ದಿನ. ಶಿಕ್ಷಕರಿಗೆ ತರಬೇತಿಯೆಂದು ಮಕ್ಕಳಿಗೆ ರಜೆ ಇರುವ ಇನ್‌ಸೆಟ್ ದಿನಗಳು ವರ್ಷಕ್ಕೆ ಐದು. ಅದರಲ್ಲೊಂದು ಹಾಫ್ ಟರ್ಮ್ ಪಕ್ಕದಲ್ಲಿ ಬರುವುದುಂಟು, ಶಾಲೆಯ ಕ್ಯಾಲೆಂಡರ್ ನೋಡಿ. ಮನೆಯ ಪುರೋಹಿತರ ಜೊತೆ ಈಗಲೇ ಮಾತಾಡಿ, ಆ ಒಂಬತ್ತು ದಿನದೊಳಗೆ ಒಪ್ಪುವ ಮುಹೂರ್ತ ಕೇಳಿ. ಮೊಮ್ಮಗಳು ಬರುವುದಿದ್ದರೆ ಅಜ್ಜ ದಿನ ಹೊಂದಿಸಿಕೊಳ್ಳಲು ಒಪ್ಪದೆ ಇರುವುದು ಅಪರೂಪ. ಜನ್ಮನಕ್ಷತ್ರದ ಕಾರಣಕ್ಕೆ ದಿನ ಬದಲಾಗದಿದ್ದರೆ ಟಿಕೆಟ್ ತೆಗೆಯುವ ಮೊದಲೇ ಮುಖ್ಯೋಪಾಧ್ಯಾಯರಿಗೆ ಬರೆಯಿರಿ. ಸಮಾರಂಭ ಏನು, ಕುಟುಂಬಕ್ಕೆ ಅದರ ಮಹತ್ವವೇನು, ಯಾವ ಯಾವ ದಿನ ಬೇಕು ಎಂಬುದು ಸ್ಪಷ್ಟವಾಗಿರಲಿ. ಒಂದೆರಡು ದಿನ ಕೇಳುವುದಕ್ಕೂ ಒಂದು ವಾರ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಒಪ್ಪುವುದು ಬಿಡುವುದು ಅವರ ವಿವೇಚನೆ. ಊರಿನಲ್ಲಿ ಹೆಚ್ಚು ದಿನ ಇರಬೇಕೆಂದರೆ ಈಸ್ಟರ್‌ನ ಎರಡು ವಾರ ಒಳ್ಳೆಯದು. ಏಪ್ರಿಲ್ ಎರಡನೇ ವಾರಕ್ಕೆ ಕರ್ನಾಟಕದ ಶಾಲೆಗಳಿಗೂ ಬೇಸಿಗೆ ರಜೆ ಶುರುವಾಗುವುದರಿಂದ ಓರಗೆಯ ಮಕ್ಕಳೂ ಆಟಕ್ಕೆ ಸಿಗುತ್ತಾರೆ. ಇಷ್ಟು ಹೇಳಿದ್ದು ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿರುವ ಓದುಗರು ತಮ್ಮ ಶಾಲೆಯಲ್ಲಿ ವಿಚಾರಿಸಿಕೊಳ್ಳಬೇಕು.

ರಜೆ ಮುಗಿದ ಮೇಲೆ ಪೇರೆಂಟ್ಸ್ ಈವ್ನಿಂಗ್ ಬರುತ್ತದೆ. ನಿಮಗೆ ಸಿಗುವುದು ಹತ್ತೇ ನಿಮಿಷ. ಅದನ್ನು 88.6ರ ಬಗ್ಗೆ ಕ್ಷಮೆ ಕೇಳುವುದರಲ್ಲಿ ಕಳೆಯಬೇಡಿ. ಕಲಿಕೆಯ ಪತ್ರ ಕೈಯಲ್ಲಿ ಹಿಡಿದು ಹೋಗಿ. ‘ಅವಳು ಬಾರದ ಆ ನಾಲ್ಕು ದಿನ ಇದರಲ್ಲಿ ಯಾವ ಪಾಠ ಆಯಿತು? ಮನೆಯಲ್ಲಿ ನಾವು ಯಾವುದನ್ನು ಮೊದಲು ಹಿಡಿಯಬೇಕು?’ ಎಂದು ಕೇಳಿ. ಶಿಕ್ಷಕರು ಪತ್ರದಲ್ಲಿ ಎರಡು ಸಾಲಿಗೆ ಗುರುತು ಹಾಕಿಕೊಟ್ಟರೆ ಸಾಕು, ಮುಂದಿನ ಕೆಲಸ ನಿಮ್ಮ ಕೈಯಲ್ಲಿದೆ. ಶೇಕಡಾವಾರು ತನ್ನಷ್ಟಕ್ಕೆ ತಾನೇ ಏರುತ್ತದೆ. ಪಾಠ ಮಾತ್ರ ನಾವು ಹುಡುಕಿ ತುಂಬಿದರೇ ತುಂಬುವುದು.