ರೂಟರ್ ಬಂದ್ ಮಾಡಿದಾಗ ಏನೇನು ಬಂದ್ ಆಗ್ತದೆ?

ಇಂಜಿನಿಯರಿಂಗ್ ಓದುವವರಿಗೆ ಊರಿಂದ ಬರುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಬೋರಿನ ಮೋಟರ್ ಯಾಕೆ ಸುಟ್ಟಿತು ಅನ್ನೋದರಿಂದ ಹಿಡಿದು ಟಿವಿ ರಿಮೋಟ್ ಯಾಕೆ ಕೆಲಸ ಮಾಡವಲ್ದು ಅನ್ನೋವರೆಗೆ ಎಲ್ಲಕ್ಕೂ ನಾವೇ ಉತ್ತರ ಹೇಳಬೇಕು. ಚಚಡಿ, ಬೈಲಹೊಂಗಲ, ರಾಮದುರ್ಗದ ಕಡೆ ಹಳ್ಳಿಗಳಿಗೂ ಫೈಬರ್ ವೈರು ಬಂದ ಮೇಲೆ ಈ ಪಟ್ಟಿಗೆ ಒಂದು ಹೊಸ ಪ್ರಶ್ನೆ ಸೇರಿದೆ: “ತಮ್ಮಾ, ನಮ್ಮ ಹುಡುಗಗ ಎರಡೂವರೆ ವರ್ಷ ಆತು, ಇನ್ನೂ ಮಾತಾಡವಲ್ಲ. ಹೆಸರು ಹಿಡಿದು ಕರೆದರೂ ಹೊಳ್ಳಿ ನೋಡೂದಿಲ್ಲ. ಆಟಿಸಂ ಇರಬೇಕು ಅಂತಾರ. ಮನ್ಯಾಗಿನ ವೈಫೈಯಿಂದ ಹಿಂಗಾತೇನು?”

ಇದಕ್ಕೆ ನಕ್ಕು ಸುಮ್ಮನಾಗೋದು ಸುಲಭ, ಆದರೆ ತಪ್ಪು. ಈ ಪ್ರಶ್ನೆ ಕೇಳುವ ತಾಯಿ ಅರ್ಧ ತನ್ನನ್ನೇ ಅನುಮಾನಿಸುತ್ತಿರುತ್ತಾಳೆ: ಬಸುರಿ ಇದ್ದಾಗ ಮೊಬೈಲ್ ನೋಡಿದ್ದು ನಾನು, ರೂಟರ್ ಹಾಕಿಸಿದ್ದೂ ನಾನು. ಆಟಿಸಂಗೆ ತಾಯಿಯನ್ನೇ ಹೊಣೆ ಮಾಡಿದ ಕಾಲ ಹಿಂದೆಯೂ ಒಂದಿತ್ತು. 1950-60ರ ದಶಕದಲ್ಲಿ ಅಮೆರಿಕದ ಕೆಲವು ತಜ್ಞರು, ಮಮತೆ ಇಲ್ಲದ ‘ಫ್ರಿಜ್ಜಿನಂಥ ತಾಯಂದಿರಿಂದ’ ಮಕ್ಕಳಿಗೆ ಹೀಗಾಗುತ್ತದೆ ಎಂದು ಹೇಳುತ್ತಿದ್ದರು. ಆ ವಾದ ಬಿದ್ದುಹೋಯಿತು, ಅದರ ನೋವು ಉಂಡವರು ಮಾತ್ರ ಸಾವಿರಾರು ಮಂದಿ. ಆದ್ದರಿಂದ ಉತ್ತರವನ್ನು ಲೆಕ್ಕ ಹಾಕಿಯೇ ಕೊಡೋಣ.

ಮೊದಲು ನಮ್ಮ ಸಿಲೆಬಸ್ಸಿನ ಭಾಗ. ಮನೆಯ ರೂಟರ್ ಸಾಮಾನ್ಯವಾಗಿ 100 ಮಿಲಿವ್ಯಾಟ್ ಆಸುಪಾಸಿನಲ್ಲಿ ಪ್ರಸಾರ ಮಾಡುತ್ತದೆ. ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಅಂದುಕೊಳ್ಳಿ. 3 ಮೀಟರ್ ದೂರದಲ್ಲಿ ಆ ಗೋಳದ ಮೇಲ್ಮೈ 4πr², ಅಂದರೆ ಸುಮಾರು 113 ಚದರ ಮೀಟರ್. ಭಾಗಿಸಿದರೆ ಚದರ ಮೀಟರಿಗೆ 0.0009 ವ್ಯಾಟ್ ಬರುತ್ತದೆ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರಿನಿಂದ ಮೊಬೈಲ್ ಟವರುಗಳಿಗೆ ಈ ಆವರ್ತನದ ಹತ್ತಿರ ಇಟ್ಟಿರುವ ಮಿತಿ ಚದರ ಮೀಟರಿಗೆ 1 ವ್ಯಾಟ್. ಅದೂ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲು. ಅಂದರೆ ನಮ್ಮ ರೂಟರ್ ಆ ಬಿಗಿ ಮಿತಿಗಿಂತಲೂ ಸಾವಿರ ಪಟ್ಟು ಕೆಳಗಿದೆ, ಅದೂ ಎಡೆಬಿಡದೆ ಪ್ರಸಾರ ಮಾಡುತ್ತಿದ್ದರೆ. ಯಾರೂ ಬಳಸದಿದ್ದಾಗ ರೂಟರ್ ಸೆಕೆಂಡಿಗೆ ಹತ್ತರಂತೆ ಬೀಕನ್ ಕಳಿಸುತ್ತಾ ಕೂತಿರುತ್ತದೆ. ಒಂದೊಂದಕ್ಕೆ 2 ಮಿಲಿಸೆಕೆಂಡ್ ಹಿಡಿದರೂ ಕೆಲಸದ ಹೊತ್ತು ನೂರಕ್ಕೆ ಎರಡು ಪಾಲು.

ಇನ್ನು 2.4 ಗಿಗಾಹರ್ಟ್ಸ್‌ನ ಒಂದು ಫೋಟಾನಿನ ಶಕ್ತಿ ಸುಮಾರು 0.00001 ಎಲೆಕ್ಟ್ರಾನ್ ವೋಲ್ಟ್. ಎರಡು ಇಂಗಾಲದ ಪರಮಾಣುಗಳ ಬಂಧ ಮುರಿಯಲು ಮೂರೂವರೆಯಷ್ಟು ಬೇಕು. ಹಾಗಾಗಿ ಎಕ್ಸ್-ರೇ ಥರ ಇದು ಡಿಎನ್ಎ ಕತ್ತರಿಸುತ್ತದೆ ಅನ್ನೋ ಮಾತು ನಿಲ್ಲೋದಿಲ್ಲ. ಆದರೆ ಇಷ್ಟಕ್ಕೇ ಎದ್ದುಬಿಡಬಾರದು. “ಬಂಧ ಮುರಿಯದಿದ್ದರೂ ಬೇರೆ ದಾರಿಯಲ್ಲಿ ಪರಿಣಾಮ ಆಗಬಹುದಲ್ಲ?” ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಮಾರ್ಥಾ ಹರ್ಬರ್ಟ್ ಮತ್ತು ಸಿಂಡಿ ಸೇಜ್ 2013ರಲ್ಲಿ ಬರೆದ ಜೋಡಿ ಲೇಖನದ ವಾದ ಇದೇ. ಆಟಿಸಂ ಇರುವ ಮಕ್ಕಳಲ್ಲಿ ಕಾಣುವ ಜೀವಕೋಶದ ಒತ್ತಡಕ್ಕೂ ರೇಡಿಯೋ ತರಂಗದ ಪ್ರಯೋಗಗಳಲ್ಲಿ ವರದಿಯಾದ ಒತ್ತಡಕ್ಕೂ ಹೋಲಿಕೆ ಇದೆ, ಸಂಬಂಧ ಇರಬಹುದು ಅಂತ. ‘ಇರಬಹುದು’ ಎಂಬ ಪದದ ಕೆಳಗೆ ಗೆರೆ ಎಳೆಯಿರಿ. ವೈಫೈ ಇರುವ ಮನೆ, ಇಲ್ಲದ ಮನೆಗಳ ಮಕ್ಕಳನ್ನು ಹೋಲಿಸಿ ಅಳೆದ ಅಧ್ಯಯನ ಅದಲ್ಲ. ವಾಟ್ಸಾಪ್ ಫಾರ್ವರ್ಡ್ ಆಗುವಷ್ಟರಲ್ಲಿ ‘ಇರಬಹುದು’ ಹೋಗಿ ‘ಇದೆ’ ಆಗಿರುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರೇಡಿಯೋ ತರಂಗವನ್ನು ‘2ಬಿ’ ಗುಂಪಿಗೆ ಸೇರಿಸಿದ್ದೂ ಹೀಗೇ ಓಡಾಡುತ್ತದೆ. ಅದು ಕ್ಯಾನ್ಸರ್ ಸಾಧ್ಯತೆಯ ವರ್ಗೀಕರಣ, ಆಟಿಸಂ ಮಾತೇ ಅದರಲ್ಲಿಲ್ಲ.

ಕಾಲದ ಲೆಕ್ಕವನ್ನೂ ನೋಡಿ. ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದದ್ದು 1943ರಲ್ಲಿ. ವೈಫೈಯ ಮೊದಲ ಸ್ಟ್ಯಾಂಡರ್ಡ್ ಬಂದದ್ದು 1997ರಲ್ಲಿ. ಐದು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಇಟ್ಟುಕೊಂಡು 2019ರಲ್ಲಿ ಬಂದ ಅಧ್ಯಯನದ ಪ್ರಕಾರ, ಯಾರಿಗೆ ಆಟಿಸಂ ಇದೆ ಯಾರಿಗಿಲ್ಲ ಅನ್ನೋ ವ್ಯತ್ಯಾಸದಲ್ಲಿ ಸುಮಾರು ನೂರಕ್ಕೆ 80 ಪಾಲು ವಂಶವಾಹಿಗಳದ್ದು.

ಈಗ ನಮಗೆ ನಿಜವಾಗಿ ಕುತೂಹಲ ಹುಟ್ಟಿಸಿದ ಮಾತಿಗೆ ಬರೋಣ. “ನೀವು ಏನರ ಹೇಳ್ರಿ, ರಾತ್ರಿ ರೂಟರ್ ಬಂದ್ ಮಾಡಿದ ಮ್ಯಾಲೆ ನಮ್ಮ ಹುಡುಗ ಚಲೋ ಮಲಗತಾನ” ಅಂತ ತಾಯಂದಿರು ಹೇಳ್ತಾರೆ. ಇದನ್ನು ಸುಳ್ಳು ಅನ್ನಲು ನಮಗೆ ಕಾರಣವೇ ಇಲ್ಲ. ಆದರೆ ಸ್ವಿಚ್ ಒಂದು, ಬಂದ್ ಆಗಿದ್ದು ಎರಡು: ರೇಡಿಯೋ ಮತ್ತು ಯೂಟ್ಯೂಬ್. ಎರಡು ವೇರಿಯಬಲ್ ಒಟ್ಟಿಗೆ ಬದಲಿಸಿ ಫಲಿತಾಂಶವನ್ನು ಒಂದರ ಹೆಸರಿಗೆ ಬರೆದರೆ ನಮ್ಮ ಲ್ಯಾಬ್ ರೆಕಾರ್ಡಿಗೆ ಸಹಿ ಸಿಗೋದಿಲ್ಲ.

ಅವನ್ನು ಬೇರೆ ಮಾಡೋದು ಎರಡನೇ ಸೆಮಿಸ್ಟರಿನವರಿಗೂ ಬರುತ್ತದೆ. ರೂಟರ್ ಚಾಲೂ ಇಟ್ಟು ಒಳಬರುವ ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತರೆ ರೇಡಿಯೋ ಇರುತ್ತದೆ, ವಿಡಿಯೋ ಇರೋದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಆಫ್ ಮಾಡಿ ಟಿವಿಗೆ ಲ್ಯಾನ್ ಕೇಬಲ್ ಕೊಟ್ಟರೆ ವಿಡಿಯೋ ಇರುತ್ತದೆ, ರೇಡಿಯೋ ಇರೋದಿಲ್ಲ. ಇವುಗಳಲ್ಲಿ ಎರಡನೆಯದೇ ಒಳ್ಳೆಯ ಪರೀಕ್ಷೆ. ಯಾಕಂದರೆ ಟಿವಿ ಯಾವಾಗಲೂ ಕೇಬಲ್ಲಿನಲ್ಲೇ ಓಡಿದರೆ, ರೂಟರಿನ ದೀಪಗಳ ಮೇಲೆ ಟೇಪು ಅಂಟಿಸಿದರೆ, ಇವತ್ತು ರೇಡಿಯೋ ಇದೆಯೋ ಇಲ್ಲವೋ ನಿದ್ದೆ ಬರೆದಿಡುವ ತಾಯಿಗೂ ಗೊತ್ತಾಗೋದಿಲ್ಲ. ದಿನಾ ಚೀಟಿ ಎತ್ತಿ ಆನ್-ಆಫ್ ಮಾಡುವವರು ಬೇರೆ, ಬರೆಯುವವರು ಬೇರೆ. ಇದಕ್ಕೇ ಬ್ಲೈಂಡ್ ಪರೀಕ್ಷೆ ಅನ್ನೋದು. ಇದನ್ನು ಯಾರದೋ ಮನೆಯ ಮಗುವಿನ ಮೇಲೆ ಮಾಡಿ ಅಂತ ನಾವು ಹೇಳ್ತಿಲ್ಲ. ದಿನಚರಿ ದಿಢೀರನೆ ಬದಲಾದರೆ ಆಟಿಸಂ ಇರುವ ಮಗುವಿಗೆ ಅದೇ ದೊಡ್ಡ ಸಂಕಟ.

ದೊಡ್ಡವರ ಮೇಲೆ ಇಂಥ ಪರೀಕ್ಷೆ ಬೇಕಾದಷ್ಟು ಆಗಿವೆ. ‘ನಮಗೆ ತರಂಗ ತಾಗುತ್ತದೆ’ ಎನ್ನುವ 725 ಜನರ ಮೇಲೆ ನಡೆದ 31 ಪ್ರಯೋಗಗಳನ್ನು 2005ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ತರಂಗ ಯಾವಾಗ ಇದೆ ಎಂದು ಅವರು ಬೇರೆಯವರಿಗಿಂತ ಚೆನ್ನಾಗಿ ಗುರುತಿಸಬಲ್ಲರು ಅನ್ನೋದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. 2013ರ ಇನ್ನೊಂದು ಪ್ರಯೋಗದಲ್ಲಿ ಭಾಗವಹಿಸಿದ 147 ಜನರಲ್ಲಿ ಕೆಲವರಿಗೆ ವೈಫೈ ಅಪಾಯ ಎನ್ನುವ ಟಿವಿ ವರದಿ ತೋರಿಸಿ, ಆಮೇಲೆ ಎಲ್ಲರಿಗೂ ‘ಈಗ ವೈಫೈ ಸಿಗ್ನಲ್ ಬಿಡ್ತೀವಿ’ ಎಂದು ಹೇಳಿ ಏನೂ ಬಿಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ತೊಂದರೆ ಆಯಿತು ಎಂದರು. ಅವರು ನಾಟಕ ಮಾಡಿದ್ದಲ್ಲ, ಅಂಜಿಕೆಯೇ ಮೈಯಲ್ಲಿ ಕೆಲಸ ಮಾಡಿದ್ದು.

ಹಾಗಂತ ಮಗು ರೂಟರ್ ಹತ್ತಿರ ಹೋದರೆ ಅಳ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಗಳೆಯಬೇಡಿ, ಹೋಗಿ ನೋಡಿ. ಆಟಿಸಂ ಇರುವ ಅನೇಕ ಮಕ್ಕಳಿಗೆ ಶಬ್ದ, ಬೆಳಕು ವಿಪರೀತ ತಾಗುತ್ತವೆ. ಹಳೇ ಅಡಾಪ್ಟರಿನಿಂದ ಕೆಲವೊಮ್ಮೆ ಬಹಳ ಸಣ್ಣ ‘ಕುಂಯ್’ ಸದ್ದು ಬರುತ್ತಿರುತ್ತದೆ. ವಯಸ್ಸಾದಂತೆ ನಮ್ಮ ಕಿವಿ ಅಂಥ ಸದ್ದನ್ನು ಕಳೆದುಕೊಳ್ಳುತ್ತದೆ, ಮಕ್ಕಳ ಕಿವಿಗೆ ಅದು ಸ್ಪಷ್ಟ. ಮಿಣಮಿಣ ದೀಪವೂ ಕಾಡಬಹುದು. ಅಡಾಪ್ಟರ್ ಬದಲಿಸಿ, ದೀಪಕ್ಕೆ ಟೇಪು ಹಚ್ಚಿ, ರೂಟರನ್ನು ಪಡಸಾಲೆಗೆ ಸಾಗಿಸಿ. ಖರ್ಚಿಲ್ಲದ ಕೆಲಸ. ಫೋನಿನ ಹಿಂದೆ ಅಂಟಿಸುವ ‘ರೇಡಿಯೇಶನ್ ಚಿಪ್’ ಮಾತ್ರ ಕೊಳ್ಳಬೇಡಿ. ಅದು ನಿಜಕ್ಕೂ ಸಿಗ್ನಲ್ ತಡೆದರೆ ಟವರ್ ಮುಟ್ಟಲು ಫೋನು ಇನ್ನೂ ಜೋರಾಗಿ ಪ್ರಸಾರ ಮಾಡುತ್ತದೆ. ತಡೆಯದಿದ್ದರೆ ಅದೊಂದು ಸ್ಟಿಕ್ಕರ್.

ಪರದೆಯ ವಿಷಯ ಬೇರೆ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದಕ್ಕೆ ಕಾರಣ ನಿದ್ದೆ, ಆಟ, ಓಡಾಟ. ತರಂಗ ಅಲ್ಲ.

ನಿಜವಾದ ನಷ್ಟ ಆಗೋದು ಕಾಲದ್ದು. ರೂಟರ್ ಬಂದ್ ಮಾಡಿ ಆರು ತಿಂಗಳು ನೋಡೋಣ ಅನ್ನುವಷ್ಟರಲ್ಲಿ ಮಾತು ಕಲಿಸುವ ಒಳ್ಳೆಯ ಹೊತ್ತು ಜಾರುತ್ತದೆ. ಒಂದು ವರ್ಷಕ್ಕೆ ಹೆಸರಿಗೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಹದಿನಾರು ತಿಂಗಳಿಗೆ ಒಂದು ಪದವೂ ಬರದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ತಡ ಮಾಡದೆ ತೋರಿಸಬೇಕು. ಚಚಡಿ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ದೂರವಲ್ಲ. ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಹೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಿದರೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು, ಥೆರಪಿ ಖರ್ಚೂ ಅದರೊಳಗೆ ಬರುತ್ತದೆ. ಅರ್ಜಿ ಆನ್‌ಲೈನ್. ಊರಿಗೆ ಹೋದಾಗ ಕೂತು ತುಂಬಿಕೊಡಿ.