ನಮ್ಮೂರಿನ ನಕಾಶೆ

ಹಾದಿ ತಿಳಿದವನಿಗೆ ದೂರದ ಊರೂ ಹತ್ತಿರ. ತಿಳಿಯದವನಿಗೆ ಕಣ್ಣೆದುರಿನ ಊರೂ ದೂರ. ಈ ಮಾತಿನ ಅರ್ಥ ನನಗೆ ಚೆನ್ನಾಗಿ ಮನದಟ್ಟಾದುದು ಒಂದು ಮಳೆಗಾಲದ ರಾತ್ರಿ. ಆಗ ನಾನು ಸಿಂದಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದೆನು. ನಮ್ಮ ಶಾಲೆಯ ಬಾಲಕನೊಬ್ಬನಿಗೆ ಹೊಲದಲ್ಲಿ ಹಾವು ಕಚ್ಚಿತು. ಆಂಬ್ಯುಲೆನ್ಸಿಗೆ ಕರೆ ಹೋಯಿತು. ಪರಸ್ಥಳದವನಾದ ಚಾಲಕನು ತನ್ನ ಫೋನಿನ ನಕಾಶೆ ತೋರಿಸಿದ ಅತಿ ಹತ್ತಿರದ ದಾರಿಯನ್ನೇ ಹಿಡಿದನು. ಆದರೆ ಅದು ಬಂಡಿದಾರಿ. ಎರೆಮಣ್ಣು ನೆನೆದು ಕೆಸರಾಗಿತ್ತು. ಮುಂದೆ ಸೇತುವೆಯಿಲ್ಲದ ಹಳ್ಳವು ತುಂಬಿ ಹರಿಯುತ್ತಿತ್ತು. ವಾಹನವು ಹಿಂದಿರುಗಿ, ಸುತ್ತು ಬಳಸಿ ಊರು ಸೇರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಪುಣ್ಯವಶಾತ್ ಬಾಲಕನು ಬದುಕಿಕೊಂಡನು. ನಕಾಶೆಯಲ್ಲಿದ್ದ ದಾರಿ ಸುಳ್ಳಾಗಿರಲಿಲ್ಲ. ಅದು ಎಂತಹ ದಾರಿ ಎಂಬುದನ್ನು ಮಾತ್ರ ಯಾರೂ ಬರೆದಿರಲಿಲ್ಲ.

ನಮ್ಮ ದೇಶದಲ್ಲಿ ನಕಾಶೆ ತಯಾರಿಸುವ ಕಾರ್ಯಕ್ಕೆ ದೀರ್ಘ ಇತಿಹಾಸವಿದೆ. ಸರ್ವೆ ಆಫ್ ಇಂಡಿಯಾ ಸಂಸ್ಥೆಯು ಸ್ಥಾಪನೆಯಾದುದು 1767ರಲ್ಲಿ. ಆದರೆ ಎಷ್ಟೇ ದೊಡ್ಡ ಸಂಸ್ಥೆಯಾದರೂ ಪ್ರತಿಯೊಂದು ಹಳ್ಳಿಯ ಪ್ರತಿಯೊಂದು ಹಾದಿಯನ್ನು ವರ್ಷವರ್ಷವೂ ನೋಡಿ ಬರಲಾರದು. ನೆಲವಾದರೋ ಬದಲಾಗುತ್ತಲೇ ಇರುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರವು ಮುಳುಗಿತು. ಎತ್ತರದ ನೆಲದಲ್ಲಿ ಹೊಸ ಊರು ಎದ್ದಿತು. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಕೊಲ್ಹಾರ, ನಿಡಗುಂದಿಗಳು ಈಗ ತಾವೇ ತಾಲ್ಲೂಕುಗಳಾಗಿವೆ. ಇಂಡಿಯಿಂದ ಚಡಚಣವೂ, ಮುದ್ದೇಬಿಹಾಳದಿಂದ ತಾಳಿಕೋಟೆಯೂ ಬೇರೆಯಾದವು. ಹಳೆಯ ನಕಾಶೆಯನ್ನು ನಂಬಿ ಹೊರಟವನು ನೀರಿನ ದಡದಲ್ಲಿ ನಿಲ್ಲಬೇಕಾದೀತು.

ಈ ಕೊರತೆಯನ್ನು ಜನರೇ ತುಂಬಿಕೊಳ್ಳಬಹುದೆಂಬ ವಿಚಾರದಿಂದ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬುವರು 2004ರಲ್ಲಿ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಕಾರ್ಯವನ್ನು ಆರಂಭಿಸಿದರು. ಇದರಲ್ಲಿ ಯಾರು ಬೇಕಾದರೂ ತಾವು ಕಂಡ ದಾರಿಯನ್ನು ಬರೆಯಬಹುದು. ಬೇರೆಯವರು ತಪ್ಪನ್ನು ತಿದ್ದಬಹುದು. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾದಾಗ, ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಉಪಗ್ರಹದ ಚಿತ್ರಗಳನ್ನು ನೋಡಿ ಅಲ್ಲಿಯ ಬೀದಿಗಳನ್ನು ಬರೆದುಕೊಟ್ಟರು. ರಕ್ಷಣಾ ತಂಡಗಳು ಆ ನಕಾಶೆಯನ್ನು ಬಳಸಿದವು.

ಉಪಗ್ರಹದ ಚಿತ್ರವೊಂದೇ ಸಾಲದು. ಮೇಲಿನಿಂದ ನೋಡಿದರೆ ಡಾಂಬರು ರಸ್ತೆ, ಖಡಿ ರಸ್ತೆ, ಬಂಡಿದಾರಿ, ಕಾಲುದಾರಿಗಳು ಬರಿಯ ಗೆರೆಗಳಾಗಿ ಕಾಣುತ್ತವೆ. ಇಂಡಿಯ ಲಿಂಬೆ ತೋಟಗಳ ನಡುವಿನ ವಸ್ತಿಗೆ ಏನು ಹೆಸರು? ಡೋಣಿ ನದಿಗೆ ಪ್ರವಾಹ ಬಂದಾಗ ಯಾವ ತಗ್ಗಿನ ಸೇತುವೆ ಮುಳುಗುತ್ತದೆ? ಯಾವ ದಾರಿಯಲ್ಲಿ ಬೇಸಿಗೆಯಲ್ಲಿ ಮಾತ್ರ ವಾಹನ ಸಾಗುತ್ತದೆ? ಇವನ್ನು ಬಲ್ಲವರು ಅಲ್ಲಿಯ ರೈತರು, ಕುರಿಗಾರರು, ದಿನವೂ ನಡೆದು ಶಾಲೆಗೆ ಬರುವ ನೀವು. ಆದುದರಿಂದ ನಕಾಶೆ ಬರೆಯುವವನು ಮೊದಲು ನಡೆಯಬೇಕು, ಕೇಳಬೇಕು, ಬಳಿಕ ಬರೆಯಬೇಕು. ಒಬ್ಬರ ಹೊಲದೊಳಗಿನ ಖಾಸಗಿ ದಾರಿಯನ್ನು ಎಲ್ಲರ ದಾರಿಯೆಂದು ಗುರುತಿಸಕೂಡದು. ಅದರಿಂದ ನೆರೆಹೊರೆಯಲ್ಲಿ ಜಗಳ ಹುಟ್ಟೀತು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಇಷ್ಟು ಕಷ್ಟಪಡುವುದೇಕೆ? ಅಚ್ಚಾದ ನಕಾಶೆಯನ್ನೇ ನೋಡಿ ನಕಲು ಮಾಡಬಾರದೇ? ಮಾಡಬಾರದು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ನಕಾಶೆಯನ್ನು ಕಲಾಕೃತಿಗಳ ಸಾಲಿನಲ್ಲಿ ಸೇರಿಸಿದೆ. ಸರ್ಕಾರದ ಕೃತಿಗೂ ಪ್ರಕಟಣೆಯ ಅನಂತರ 60 ವರ್ಷಗಳ ಕಾಲ ಈ ರಕ್ಷಣೆಯಿರುತ್ತದೆ. ದಾರಿ ಇದೆಯೆಂಬ ಸಂಗತಿಗೆ ಯಾರೂ ಒಡೆಯರಲ್ಲ. ಆದರೆ ಅದನ್ನು ಅಳೆದು, ಆಯ್ದು, ಬರೆದ ಶ್ರಮಕ್ಕೆ ಒಡೆಯನಿದ್ದಾನೆ. ಇದು ಪರೀಕ್ಷೆಯಿದ್ದಂತೆ. ಉತ್ತರ ಎಲ್ಲರಿಗೂ ಒಂದೇ. ಆದರೂ ನೆರೆಯವನ ಕಾಗದ ನೋಡಿ ಬರೆಯುವುದು ತಪ್ಪು. ಅಲ್ಲದೆ, ನಕಲು ಮಾಡಿದವನು ಮೂಲದ ತಪ್ಪುಗಳನ್ನೂ ನಕಲು ಮಾಡುತ್ತಾನೆ. ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯು ತನ್ನ ನಕಾಶೆಗಳಲ್ಲಿ ಸೂಕ್ಷ್ಮವಾದ ಗುರುತುಗಳನ್ನು ಅಡಗಿಸಿಟ್ಟಿತ್ತು. ಆಟೊಮೊಬೈಲ್ ಅಸೋಸಿಯೇಶನ್ ಎಂಬ ಸಂಸ್ಥೆಯ ನಕಾಶೆಗಳಲ್ಲಿ ಅವೇ ಗುರುತುಗಳು ಕಾಣಿಸಿಕೊಂಡವು. 2001ರಲ್ಲಿ ಆ ಸಂಸ್ಥೆಯು 2 ಕೋಟಿ ಪೌಂಡು ತೆರಲು ಒಪ್ಪಬೇಕಾಯಿತು.

ಜನರ ನಕಾಶೆಗೂ ನಿಯಮಗಳುಂಟು. ಅದನ್ನು ಯಾರಾದರೂ ಬಳಸಬಹುದು. ಆದರೆ ಅದು ಯಾರ ಕೆಲಸವೆಂಬುದನ್ನು ತಿಳಿಸಬೇಕು. ಅದರಲ್ಲಿಯ ಮಾಹಿತಿಯನ್ನು ತಿದ್ದಿ ಬೆಳೆಸಿ ಹೊರತಂದರೆ ಅದನ್ನೂ ಇದೇ ನಿಯಮದಂತೆ ಎಲ್ಲರಿಗೂ ಬಿಟ್ಟುಕೊಡಬೇಕು. 2012ರಲ್ಲಿ ಈ ಹೊಸ ನಿಯಮ ಜಾರಿಗೆ ಬಂದಾಗ, ಒಪ್ಪಿಗೆ ಕೊಡದವರು ಬರೆದ ಭಾಗಗಳನ್ನು ನಕಾಶೆಯಿಂದ ತೆಗೆದುಹಾಕಲಾಯಿತು. ಬರೆದವನ ಸಮ್ಮತಿಯಿಲ್ಲದೆ ಅವನ ಶ್ರಮವನ್ನು ಉಳಿಸಿಕೊಳ್ಳಲು ಅವರು ಒಪ್ಪಲಿಲ್ಲ. ಇದು ಅನುಕರಣೀಯವಾದ ಪ್ರಾಮಾಣಿಕತೆ.

2021ರ ಫೆಬ್ರುವರಿಯಲ್ಲಿ ಭಾರತ ಸರ್ಕಾರವು ಪ್ರಕಟಿಸಿದ ಮಾರ್ಗಸೂಚಿಯಂತೆ, ಭಾರತೀಯರು ಪೂರ್ವಾನುಮತಿಯಿಲ್ಲದೆ ನಕಾಶೆಗಳನ್ನು ಸಿದ್ಧಪಡಿಸಬಹುದು. ದೇಶದ ಭದ್ರತೆಗೆ ಸಂಬಂಧಿಸಿದ ವಿಷಯಗಳಲ್ಲಿ ಮಾತ್ರ ನಿರ್ಬಂಧಗಳಿವೆ. ಬಾಗಿಲು ತೆರೆದಿದೆ, ನಡೆಯುವವರು ಬೇಕು.

ಹಿಂದಿನವರು ದಾರಿಯ ಬದಿಗೆ ಮರ ನೆಟ್ಟರು, ಅರವಟ್ಟಿಗೆ ಇಟ್ಟರು. ದಣಿದು ಬಂದವನ ಕುಲಗೋತ್ರವನ್ನು ಅವರು ಕೇಳಲಿಲ್ಲ. ‘ಈ ಹಳ್ಳಕ್ಕೆ ಸೇತುವೆಯಿಲ್ಲ’ ಎಂದು ನಕಾಶೆಯಲ್ಲಿ ನಿಜವಾಗಿ ಬರೆಯುವ ಒಂದು ಸಾಲೂ ಅಂತಹುದೇ ಸೇವೆ. ಅದನ್ನು ಬರೆದವರ ಹೆಸರು ಯಾರಿಗೂ ತಿಳಿಯದೆ ಹೋಗಬಹುದು. ಆದರೆ ಒಂದು ರಾತ್ರಿ, ಒಂದು ವಾಹನವು ಸರಿಯಾದ ದಾರಿಯಲ್ಲಿ ತಿರುಗುತ್ತದೆ.