ಬೆರಣಿ, ತುಪ್ಪ ಆನ್‌ಲೈನ್ ಗೋದಾಮಿಗೆ: ಕಳುಹಿಸುವ ಮುನ್ನ ತಿಳಿಯಬೇಕಾದ್ದು



ಕಳೆದ ತಿಂಗಳು ಒಂದು ಹಳ್ಳಿಯಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದೆ. ಅಲ್ಲಿನ ಮಹಿಳಾ ಸಂಘದ ಮೂವರು ಸದಸ್ಯೆಯರು ಬಂದು ನಿಂತರು. "ಡಾಕ್ಟ್ರೇ, ನಮ್ಮ ಹಸುಗಳಿಗೆ ಯಾವ ರೋಗಾನೂ ಇಲ್ಲ ಅಂತ ಒಂದು ಸರ್ಟಿಫಿಕೇಟ್ ಬರೆದುಕೊಡಿ. ಬೆರಣಿ ಅಮೆರಿಕಕ್ಕೆ ಹೋಗ್ಬೇಕು" ಅಂದರು. ನನಗೆ ನಗು ಬಂತು. ಅವರು ನಗುತ್ತಿರಲಿಲ್ಲ. ಏಜೆಂಟನೊಬ್ಬ 400 ಪ್ಯಾಕೆಟ್ ಬೆರಣಿಯನ್ನು ಅಮೆರಿಕದ ಆನ್‌ಲೈನ್ ಗೋದಾಮಿಗೆ ತುಂಬಿಸಿಕೊಡುತ್ತೇನೆಂದು ಹೇಳಿ 18,000 ರೂಪಾಯಿ ಮುಂಗಡ ತೆಗೆದುಕೊಂಡು ಹೋಗಿದ್ದ. ಅದು ಸ್ವಸಹಾಯ ಗುಂಪಿನಿಂದ ಪಡೆದ ಸಾಲದ ಹಣ.

ಸರ್ಟಿಫಿಕೇಟ್ ನಾನು ಬರೆದುಕೊಡಲಿಲ್ಲ. ಏಕೆ ಎಂಬುದನ್ನು ಅಂದು ಅವರಿಗೆ ಕೊಟ್ಟಿಗೆಯ ಮುಂದೆಯೇ ನಿಂತು ಅರ್ಧ ಗಂಟೆ ಹೇಳಿದೆ. ಇದೇ ಪ್ರಶ್ನೆಯನ್ನು ಬೇರೆ ಸಂಘಗಳವರೂ ಕೇಳುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಗೋದಾಮು ಎಂದರೆ ಏನು?

ಆನ್‌ಲೈನಿನಲ್ಲಿ ಮಾರುವುದಕ್ಕೆ ಎರಡು ದಾರಿ. ಆರ್ಡರ್ ಬಂದಾಗ ನೀವೇ ಪ್ಯಾಕ್ ಮಾಡಿ ಕೊರಿಯರ್‌ಗೋ ಅಂಚೆಗೋ ಕೊಡುವುದು ಒಂದು. ಸರಕನ್ನು ಮೊದಲೇ ಕಂಪನಿಯ ಗೋದಾಮಿಗೆ ಕಳುಹಿಸಿ ಅಲ್ಲಿ ಇಡುವುದು ಇನ್ನೊಂದು. ಇದನ್ನು ಫುಲ್‌ಫಿಲ್‌ಮೆಂಟ್ ಸೆಂಟರ್ ಎನ್ನುತ್ತಾರೆ. ಹೊಸಕೋಟೆ, ಮಾಲೂರು, ನೆಲಮಂಗಲ ಕಡೆ ಬಸ್ಸಿನಲ್ಲಿ ಹೋಗುವಾಗ ಕಾಣುವ ದೊಡ್ಡ ದೊಡ್ಡ ತಗಡಿನ ಕಟ್ಟಡಗಳಲ್ಲಿ ಇಂಥವೂ ಇವೆ. ಗಿರಾಕಿ ಫೋನಿನಲ್ಲಿ ಒತ್ತಿದ ಕೂಡಲೇ ಅಲ್ಲಿನ ಕೆಲಸಗಾರರು ನಿಮ್ಮ ಬಾಟಲಿಯನ್ನು ಹುಡುಕಿ, ಪ್ಯಾಕ್ ಮಾಡಿ ಕಳುಹಿಸುತ್ತಾರೆ.

ಇದನ್ನು ಡೇರಿಗೆ ಹಾಲು ಹಾಕಿದ ಹಾಗೆ ಎಂದು ತಿಳಿಯಬೇಡಿ. ಡೇರಿಯಲ್ಲಿ ಹಾಲು ಅಳೆದು, ಜಿಡ್ಡು ನೋಡಿ, ಚೀಟಿ ಕೊಟ್ಟರೆ ಮುಗಿಯಿತು, ಹಾಲು ಸಂಘದ್ದು. ಗೋದಾಮಿನಲ್ಲಿ ಹಾಗಲ್ಲ. ಮಾರಾಟವಾಗುವ ತನಕ ಸರಕು ನಿಮ್ಮದೇ, ಅದು ಹಿಡಿದ ಜಾಗಕ್ಕೆ ಬಾಡಿಗೆ ನಿಮ್ಮದೇ. ಮಾರದೆ ಉಳಿದರೆ ವಾಪಸ್ ತರಿಸಿಕೊಳ್ಳುವುದಕ್ಕೂ ಶುಲ್ಕ, ನಾಶ ಮಾಡಿಸುವುದಕ್ಕೂ ಶುಲ್ಕ. ಡೇರಿಯಲ್ಲಿ ಹಾಲು ವಾಪಸ್ ಮಾಡಿದರೆ ನೀವು ಕಾರ್ಯದರ್ಶಿಯ ಹತ್ತಿರ ಜಗಳವಾದರೂ ಆಡಬಹುದು. ಅಲ್ಲಿ ನಿಮ್ಮ ಪರವಾಗಿ ಮಾತಾಡುವುದು ಬಾಟಲಿಯ ಮೇಲಿನ ಲೇಬಲ್ ಒಂದೇ.

ಬೆರಣಿ ಏಕೆ ಹೋಗುವುದಿಲ್ಲ?

2021ರ ಏಪ್ರಿಲ್‌ನಲ್ಲಿ ಭಾರತದಿಂದ ಹೋದ ವಿಮಾನವೊಂದು ಅಮೆರಿಕದ ವಾಷಿಂಗ್ಟನ್ ಬಳಿಯ ಡಲ್ಲೆಸ್ ನಿಲ್ದಾಣದಲ್ಲಿ ಇಳಿಯಿತು. ಪ್ರಯಾಣಿಕರೊಬ್ಬರು ಬಿಟ್ಟುಹೋಗಿದ್ದ ಪೆಟ್ಟಿಗೆಯನ್ನು ತೆರೆದರೆ ಎರಡು ಬೆರಣಿ. ಅಧಿಕಾರಿಗಳು ಅವನ್ನು ನಾಶಪಡಿಸಿ, ಪ್ರಕಟಣೆಯನ್ನೂ ಹೊರಡಿಸಿದರು. ಎರಡೇ ಎರಡು ಬೆರಣಿಗೆ ಇಷ್ಟು ಗಾಬರಿ ಏಕೆ? ಕಾರಣ ಕಾಲುಬಾಯಿ ಜ್ವರ.

ನಮ್ಮಲ್ಲಿ ಕಾಲುಬಾಯಿ ಬಂದರೆ ಹಸು ಜೊಲ್ಲು ಸುರಿಸುತ್ತದೆ, ಕುಂಟುತ್ತದೆ, ಹಾಲು ಇಳಿಯುತ್ತದೆ. ದೊಡ್ಡ ರಾಸು ಹೆಚ್ಚಾಗಿ ಬದುಕುತ್ತದೆ, ಕರುಗಳು ಸಾಯುತ್ತವೆ. ನಾವು ಅದರ ಜೊತೆ ಬಾಳಿ ಅಭ್ಯಾಸವಾಗಿದೆ. ಅಮೆರಿಕದಲ್ಲಿ 1929ರ ನಂತರ ಈ ರೋಗ ಬಂದಿಲ್ಲ. ಬ್ರಿಟನ್ನಿಗೆ 2001ರಲ್ಲಿ ಬಂದಾಗ ಅದನ್ನು ತಡೆಯಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. 2025ರ ಜನವರಿಯಲ್ಲಿ ಜರ್ಮನಿಯ ಬರ್ಲಿನ್ ಹತ್ತಿರ ಒಂದು ಸಣ್ಣ ಎಮ್ಮೆ ಹಿಂಡಿನಲ್ಲಿ ಕಾಣಿಸಿಕೊಂಡಿತು. ಆ ದೇಶದಲ್ಲಿ 1988ರ ನಂತರ ಅದೇ ಮೊದಲು. ಇದ್ದದ್ದು 14 ಎಮ್ಮೆ. ಆದರೆ ಕೊರಿಯಾ, ಬ್ರಿಟನ್ ಮುಂತಾದ ದೇಶಗಳು ಕೂಡಲೇ ಜರ್ಮನಿಯ ಮಾಂಸ ಮತ್ತಿತರ ಪದಾರ್ಥಗಳಿಗೆ ಬಾಗಿಲು ಹಾಕಿದವು.

ಈ ರೋಗಾಣು ಜೊಲ್ಲು, ಹಾಲು, ಮೂತ್ರ, ಸಗಣಿ ಎಲ್ಲದರಲ್ಲೂ ಹೊರಬರುತ್ತದೆ. ಬಾಯಲ್ಲಿ ಹುಣ್ಣು ಕಾಣುವ ಮೊದಲೇ ಬರಲು ಶುರುವಾಗುತ್ತದೆ ಎಂಬುದನ್ನು ಗಮನಿಸಿ. ಬಿಸಿಲಿನಲ್ಲಿ ಒಣಗಿದರೆ ಬೇಗ ಸಾಯುತ್ತದೆ, ತಂಪಿನಲ್ಲಿ ಒದ್ದೆ ಗೊಬ್ಬರದೊಳಗೆ ತಿಂಗಳುಗಟ್ಟಲೆ ಉಳಿಯಬಲ್ಲದು. ಬೆರಣಿ ಹೊರಗೆ ಒಣಗಿದ್ದರೂ ಒಳಗೆ ಪಸೆ ಇರುತ್ತದೆ. ಸಂಕ್ರಾಂತಿಗೆ ಕಿಚ್ಚು ಹಚ್ಚುವಾಗ ಹೊಗೆಯಾಡುವುದನ್ನು ನೋಡಿದವರಿಗೆ ಇದು ಗೊತ್ತು. ಹಾಗಾಗಿ ನಮ್ಮ ದೇಶದ ಸಗಣಿಗೆ ಅಲ್ಲಿ ನಿಷೇಧ. ನಿಮ್ಮ ಹಸು ಎಷ್ಟೇ ಆರೋಗ್ಯವಾಗಿರಲಿ, ಅಂಗೈಯಗಲದ ಬೆರಣಿಯನ್ನು ನೋಡಿ ಇದು ಯಾವ ಹಸುವಿನದು ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ.

ಇನ್ನು ಸರ್ಟಿಫಿಕೇಟಿನ ವಿಷಯ. ಊರಿನ ಪಶುವೈದ್ಯರು ಬರೆದುಕೊಡುವ ಚೀಟಿ ಬ್ಯಾಂಕ್ ಸಾಲಕ್ಕೆ, ವಿಮೆಗೆ ನಡೆಯುತ್ತದೆ, ರಫ್ತಿಗೆ ನಡೆಯುವುದಿಲ್ಲ. ಪ್ರಾಣಿ ಮತ್ತು ಪ್ರಾಣಿಜನ್ಯ ವಸ್ತುಗಳಿಗೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ ಇದೆ, ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಹಾಲಿನ ಪದಾರ್ಥಗಳ ರಫ್ತಿಗೆ ಆರೋಗ್ಯ ಪತ್ರ ಕೊಡುವುದು ರಫ್ತು ತಪಾಸಣಾ ಮಂಡಳಿ. "ಊರ ಡಾಕ್ಟರ ಹತ್ತಿರ ಒಂದು ಕಾಗದ ತನ್ನಿ, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ" ಎನ್ನುವ ಏಜೆಂಟನಿಗೆ ಒಂದೋ ವಿಷಯ ಗೊತ್ತಿಲ್ಲ, ಇಲ್ಲವೇ ಚೆನ್ನಾಗಿ ಗೊತ್ತಿದೆ.

ತುಪ್ಪದ ಮಾತು ಬೇರೆ

ತುಪ್ಪವನ್ನು ಕಾಯಿಸಿರುತ್ತೇವೆ, ನೀರಿನಂಶ ಹೋಗಿರುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕಾಲುಬಾಯಿ ನಿಯಮದಲ್ಲಿ ಬೆಣ್ಣೆಗೂ ಕಾಯಿಸಿದ ಬೆಣ್ಣೆಯ ಜಿಡ್ಡಿಗೂ ವಿನಾಯಿತಿ ಇದೆ. ಹಾಗೆಂದು ನಾಳೆಯೇ ಕಳುಹಿಸಲು ಆಗುವುದಿಲ್ಲ. ಆಹಾರ ತಯಾರಿಸುವ ಜಾಗ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯಲ್ಲಿ ನೋಂದಣಿಯಾಗಿರಬೇಕು, ಅಲ್ಲೊಬ್ಬ ಪ್ರತಿನಿಧಿ ಇರಬೇಕು, ಸರಕು ತಲುಪುವ ಮೊದಲೇ ಸೂಚನೆ ಸಲ್ಲಿಸಬೇಕು. ಇಲ್ಲಿ ವಿದೇಶ ವ್ಯಾಪಾರ ನಿರ್ದೇಶನಾಲಯದ ಆಮದು-ರಫ್ತು ಸಂಖ್ಯೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಮೆರಿಕದ ಬಂದರಿನಲ್ಲಿ ಸರಕಿನ ಆಮದುದಾರ ಯಾರು? ಅಮೆಜಾನ್ ತನ್ನ ಗೋದಾಮಿಗೆ ಬರುವ ಸರಕಿಗೆ ತಾನು ಆಮದುದಾರ ಆಗುವುದಿಲ್ಲ, ಸುಂಕವನ್ನೂ ಕಟ್ಟುವುದಿಲ್ಲ. ಎಲ್ಲ ಸುಂಕ ಕಟ್ಟಿದ ನಂತರವೇ ಪೆಟ್ಟಿಗೆ ಅದರ ಬಾಗಿಲಿಗೆ ಬರಬೇಕು. ಮೊದಲು 800 ಡಾಲರಿಗಿಂತ ಕಡಿಮೆ ಬೆಲೆಯ ಪಾರ್ಸೆಲ್‌ಗೆ ಅಲ್ಲಿ ಸುಂಕ ಇರಲಿಲ್ಲ. ಆ ಸೌಲಭ್ಯ 2025ರ ಆಗಸ್ಟ್ 29ಕ್ಕೆ ನಿಂತಿತು. ಯುರೋಪ್ ಒಕ್ಕೂಟದ ದೇಶಗಳಲ್ಲಂತೂ ನಮ್ಮಂಥ ಹೊರದೇಶಗಳಿಂದ ಮನೆಮಂದಿಗೆ ಕಳುಹಿಸುವ ಪಾರ್ಸೆಲಿನಲ್ಲಿ ಹಾಲಿನ ಪದಾರ್ಥ ಹೋಗುವಂತೆಯೇ ಇಲ್ಲ. ಹತ್ತು-ಹದಿನೈದು ಜನರ ಗುಂಪು ಇಷ್ಟೆಲ್ಲ ಹೊರುವುದು ಕಷ್ಟ ಎಂದೇ ನನ್ನ ಅಭಿಪ್ರಾಯ.

ದೇಶದೊಳಗಿನ ಗೋದಾಮು ನಿಮ್ಮ ಕೈಗೆಟುಕುವಂಥದ್ದು. ಅಮೆಜಾನ್‌ನಲ್ಲಿ ಸಹೇಲಿ, ಫ್ಲಿಪ್‌ಕಾರ್ಟ್‌ನಲ್ಲಿ ಸಮರ್ಥ್ ಎಂಬ ಯೋಜನೆಗಳು ಮಹಿಳಾ ಗುಂಪುಗಳಿಗೂ ನೆರವಾಗುವಂತೆ ಶುರುವಾದವು. ಆದರೆ ಅಲ್ಲೂ ಎಡವುವ ಜಾಗಗಳಿವೆ.

ಮೊದಲನೆಯದು ಜಿಎಸ್‌ಟಿ. ವಹಿವಾಟು ಮಿತಿಯೊಳಗಿರುವ ಸಣ್ಣ ಮಾರಾಟಗಾರರು ರಾಜ್ಯದೊಳಗೆ ಮಾತ್ರ ಮಾರುವುದಾದರೆ, 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿ ಇಲ್ಲದೆಯೂ ಆನ್‌ಲೈನಿನಲ್ಲಿ ಮಾರಬಹುದು, ಒಂದು ಗುರುತಿನ ಸಂಖ್ಯೆ ಪಡೆದರೆ ಸಾಕು. ಹೊರರಾಜ್ಯದ ಗಿರಾಕಿಗೆ ಮಾರಬೇಕೆಂದರೆ ನೋಂದಣಿ ಬೇಕೇ ಬೇಕು. ನೋಂದಣಿಯಾದವರು ಸರಕು ಇಡುವ ಗೋದಾಮಿನ ವಿಳಾಸವನ್ನು ಹೆಚ್ಚುವರಿ ವ್ಯಾಪಾರ ಸ್ಥಳವೆಂದು ಸೇರಿಸಬೇಕು. ಗೋದಾಮು ಹೈದರಾಬಾದಿನಲ್ಲಿದ್ದರೆ ತೆಲಂಗಾಣದಲ್ಲಿ ಇನ್ನೊಂದು ನೋಂದಣಿ. ಮೊದಲ ವರ್ಷ ಕರ್ನಾಟಕದ ಗೋದಾಮು ದಾಟಬೇಡಿ.

ಎರಡನೆಯದು ಎಫ್‌ಎಸ್‌ಎಸ್‌ಎಐ. ಬಾಟಲಿಯ ಮೇಲೆ 14 ಅಂಕಿಯ ಸಂಖ್ಯೆ ಇರಬೇಕು. ಪರವಾನಗಿ ಸಿಗುವುದು ವ್ಯಕ್ತಿಗಲ್ಲ, ಜಾಗಕ್ಕೆ. ಒಬ್ಬರ ಮನೆಯ ಸಂಖ್ಯೆ ಹಾಕಿ ಐದು ಮನೆಯಲ್ಲಿ ಕಾಯಿಸಿದ ತುಪ್ಪ ತುಂಬಬಾರದು. ತುಪ್ಪದಲ್ಲಿ ಹಾಲಿನ ಜಿಡ್ಡು ಶೇ. 99.5ಕ್ಕೆ ಕಡಿಮೆ ಇರಬಾರದು, ತೇವ ಶೇ. 0.5 ಮೀರಬಾರದು. ಚಟಚಟ ಸದ್ದು ಪೂರ್ತಿ ನಿಂತ ಮೇಲೆ ಇಳಿಸಿ, ತೊಳೆದು ಒಣಗಿಸಿದ ಬಾಟಲಿಗೆ ತುಂಬಿ. ಬಾಟಲಿಯ ತಳದಲ್ಲಿ ಒಂದು ಹನಿ ನೀರು ಉಳಿದರೂ ಮೂರು ತಿಂಗಳಲ್ಲಿ ಕಮಟು ವಾಸನೆ ಹೇಳುತ್ತದೆ.

ಮೂರನೆಯದು ದಿನಾಂಕ. ಇದರಲ್ಲಿ ನನ್ನ ತಪ್ಪೂ ಇದೆ. ಎರಡು ವರ್ಷದ ಹಿಂದೆ ಇನ್ನೊಂದು ಸಂಘದವರು ತುಪ್ಪ ಕಳುಹಿಸುವಾಗ ಸಲಹೆ ಕೇಳಿದ್ದರು. ಶುಚಿತ್ವ, ಕಾಯಿಸುವ ಹದ ಎಲ್ಲ ಹೇಳಿಕೊಟ್ಟೆ, ದಿನಾಂಕದ ಬಗ್ಗೆ ಬಾಯಿಬಿಡಲಿಲ್ಲ, ನನಗೂ ಹೊಳೆಯಲಿಲ್ಲ. ಒಂದೇ ಸಲ 60 ಬಾಟಲಿ ಕಳುಹಿಸಿದರು. 22 ಮಾರಾಟವಾದವು. ಉಳಿದವು ಇನ್ನೂ ಚೆನ್ನಾಗಿದ್ದವು, ಆದರೆ ಅವಧಿ ಮುಗಿಯಲು ಕಡಿಮೆ ದಿನ ಇದೆ ಎಂದು ಪಟ್ಟಿಯಿಂದ ತೆಗೆದರು. ವಾಪಸ್ ತರಿಸುವ ಖರ್ಚು ಅವರ ಮೇಲೆಯೇ ಬಿತ್ತು. 2024ರ ನವೆಂಬರಿನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಕಂಪನಿಗಳಿಗೆ ಒಂದು ಸೂಚನೆ ಕೊಟ್ಟಿತು: ಗಿರಾಕಿಯ ಕೈಗೆ ಹೋಗುವಾಗ ಆಹಾರದ ಬಾಳಿಕೆಯಲ್ಲಿ ಶೇ. 30ರಷ್ಟಾದರೂ, ಇಲ್ಲವೇ ಅವಧಿ ಮುಗಿಯಲು 45 ದಿನವಾದರೂ ಉಳಿದಿರಬೇಕು. ಒಂಬತ್ತು ತಿಂಗಳು ಎಂದು ಬರೆದ ಬಾಟಲಿಗೆ ನಿಜವಾಗಿ ಸಿಗುವುದು ಆರೇಳು ತಿಂಗಳು ಎಂದೇ ಲೆಕ್ಕ ಹಿಡಿಯಿರಿ. ಈ ತಿಂಗಳು ಕಾಯಿಸಿದ್ದನ್ನು ಈ ತಿಂಗಳೇ ಕಳುಹಿಸಿ, ಒಂದು ಸಲಕ್ಕೆ ಇಪ್ಪತ್ತು ಸಾಕು. ತಿಂಗಳನ್ನು ಅಂಕಿಯಲ್ಲಿ ಬರೆಯುವ ಬದಲು ಅಕ್ಷರದಲ್ಲಿ ಬರೆಯಿರಿ. 05-06 ಎಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6.

ಪ್ರತಿ ಬಾಟಲಿಗೂ ಕಂಪನಿ ಕೊಡುವ ಬಾರ್‌ಕೋಡ್ ಅಂಟಿಸಬೇಕು. ನಿಮ್ಮ ಹಸುವಿನ ಕಿವಿಯಲ್ಲಿರುವ 12 ಅಂಕಿಯ ಓಲೆ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಅದು ಬಿದ್ದರೆ, ಸುಕ್ಕಾದರೆ ಸರಕು ಯಾರದೆಂದು ಅಲ್ಲಿ ಗೊತ್ತಾಗುವುದಿಲ್ಲ. ಗಾಜಿನ ಬಾಟಲಿಯಾದರೆ ಪ್ಯಾಕ್ ಮಾಡಿದ ಮೇಲೆ ಒಂದನ್ನು ಮೂರಡಿ ಎತ್ತರದಿಂದ ನೀವೇ ಬೀಳಿಸಿ ನೋಡಿ. ಮನಸ್ಸು ಬಾರದು, ಆದರೂ ಬೀಳಿಸಿ.

ಲೆಕ್ಕ ಹಾಕಿ ನೋಡಿ

ಶೇ. 4 ಜಿಡ್ಡಿನ ಹಾಲಾದರೆ ಒಂದು ಕಿಲೋ ತುಪ್ಪಕ್ಕೆ ಲೆಕ್ಕದಲ್ಲಿ 25 ಲೀಟರ್. ಮಜ್ಜಿಗೆಯಲ್ಲಿ, ಪಾತ್ರೆಯಲ್ಲಿ ಉಳಿಯುವ ಜಿಡ್ಡು ಸೇರಿಸಿದರೆ 27-28 ಲೀಟರ್ ಬೇಕು. ಆ 28 ಲೀಟರನ್ನು ಸಂಘಕ್ಕೆ ಹಾಕಿದ್ದರೆ ಬರುವ ಬೆಲೆಯನ್ನು ನಿಮ್ಮ ಪಾಸ್‌ಬುಕ್ ನೋಡಿ ಬರೆಯಿರಿ. ಅದರ ಮೇಲೆ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ, ಅಂದರೆ 140 ರೂಪಾಯಿ. ಇದು ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ಸೌದೆ, ಬಾಟಲಿ, ಲೇಬಲ್, ಗೋದಾಮಿನ ಬಾಡಿಗೆ, ಕಂಪನಿಯ ಕಮಿಷನ್ ಎಲ್ಲ ಕೂಡಿಸಿ. ಆಮೇಲೂ ತುಪ್ಪಕ್ಕೆ ಅಷ್ಟು ಬೆಲೆ ಕೊಡುವ ಗಿರಾಕಿ ಇದ್ದರೆ ಮಾಡಿ. ಸಂಘಕ್ಕೆ ಹಾಕುವ ಹಾಲು ಕಡಿಮೆ ಮಾಡಿ ತುಪ್ಪ ಕಾಯಿಸುವುದು ಹೆಚ್ಚಿನವರಿಗೆ ನಷ್ಟವೇ. ಮನೆಗೆಂದು ಉಳಿಸಿಕೊಂಡ ಹಾಲಿನ ಕೆನೆಯಿಂದ ಮಾಡುವುದು ಬೇರೆ ಮಾತು.

ಕಾಲುಬಾಯಿ ಲಸಿಕೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಗುರಿ 2030ರೊಳಗೆ ಈ ರೋಗವನ್ನು ದೇಶದಿಂದಲೇ ತೊಲಗಿಸುವುದು. ಆರು ತಿಂಗಳಿಗೊಮ್ಮೆ ಲಸಿಕೆ ಬರುತ್ತದೆ. ಚುಚ್ಚಿದರೆ ಹಾಲು ಇಳಿಯುತ್ತದೆ ಎಂದು ಹಸುವನ್ನು ಹೊಲಕ್ಕೆ ಅಟ್ಟುವವರು ಇನ್ನೂ ಇದ್ದಾರೆ. ಒಂದೆರಡು ದಿನ ಸ್ವಲ್ಪ ಇಳಿಯಬಹುದು, ಮತ್ತೆ ಸರಿಹೋಗುತ್ತದೆ. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲ ಲಸಿಕೆ, ಒಂದು ತಿಂಗಳ ಬಳಿಕ ಇನ್ನೊಂದು. ನಮ್ಮ ಸರಕಿಗೆ ಹೊರದೇಶದ ಬಾಗಿಲು ತೆರೆಯುವ ದಿನ ಬಂದರೆ ಅದು ಈ ಲಸಿಕೆಯ ದಾಖಲೆಯಿಂದಲೇ ಬರಬೇಕು.

ಆ ಮೂವರ ವಿಷಯ: ಸಂಘದ ಅಧ್ಯಕ್ಷೆಯೂ ಗಂಡಸರು ನಾಲ್ವರೂ ಏಜೆಂಟನ ಮನೆಗೆ ಹೋಗಿ ಕುಳಿತ ಮೇಲೆ 11,000 ರೂಪಾಯಿ ವಾಪಸ್ ಬಂದಿದೆ. ಬೆರಣಿಯಲ್ಲಿ ನೂರೈವತ್ತು ಪ್ಯಾಕೆಟ್ ಬೆಂಗಳೂರಿನ ಗ್ರಂಥಿಗೆ ಅಂಗಡಿಯೊಂದು ಹೋಮಕ್ಕೆಂದು ತೆಗೆದುಕೊಂಡಿತು. ಉಳಿದವನ್ನು ಇನ್ನೊಂದು ವಾರ ಬಿಸಿಲಿಗೆ ಹಾಕಿಸಿದ್ದೇನೆ, ಬೂಷ್ಟು ಹಿಡಿಯತೊಡಗಿತ್ತು. ಮುಂದಿನ ತಿಂಗಳು 20 ಬಾಟಲಿ ತುಪ್ಪ ಹೊಸಕೋಟೆ ಕಡೆಯ ಗೋದಾಮಿಗೆ ಕಳುಹಿಸುತ್ತಾರಂತೆ. ಲೇಬಲ್ ಅಚ್ಚು ಹಾಕಿಸುವ ಮೊದಲು ನನಗೊಮ್ಮೆ ತೋರಿಸಿ ಅಂದಿದ್ದೇನೆ.